ಸ್ಟಾಫ್ ಹಿಡಿದವನ ಊಟ

ಈ ವರ್ಷ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗಿಗೆ ಸೇರಿದವರನ್ನೆಲ್ಲ ಒಂದು ಕ್ಲಾಸಿನಲ್ಲಿ ಕೂರಿಸಿದ್ದರು. "ನೀನೂ ಹಿಂಗೇ ಬಂದವ್ನಲ್ವೇನಪ್ಪ, ಇವ್ರಿಗೆ ನಾಲ್ಕು ಮಾತು ಹೇಳು" ಎಂದು ಸರ್ವೇ ಕಲಿಸುವ ಮೇಷ್ಟ್ರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ತಾವು ಕಾಫಿಗೆ ಹೋದರು. ನಾನು ಸಿವಿಲ್ ವಿಭಾಗದ ಕೊನೆಯ ವರ್ಷದವನು. ಭಾಷಣ ನನಗೆ ಆಗಿಬರುವುದಿಲ್ಲ. ಅಟೆಂಡೆನ್ಸ್ ಕಡಿಮೆ ಮಾಡಿಕೊಳ್ಳಬೇಡಿ, ಡಿಪ್ಲೊಮಾದವರಿಗೆಂದೇ ಇಟ್ಟಿರುವ ಗಣಿತದ ಪೇಪರನ್ನು ಆಮೇಲೆ ನೋಡಿಕೊಂಡರಾಯಿತು ಅನ್ನಬೇಡಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೀನಿಯರ್‌ಗಳ ಹತ್ತಿರ ಈಗಲೇ ಈಸಿಕೊಳ್ಳಿ ಎಂದು ಗೊತ್ತಿದ್ದಷ್ಟು ಒದರಿದೆ. ಎಲ್ಲರೂ ತಲೆಯಾಡಿಸಿದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಣ್ಣಾ, ನೀವು ಸೇರ್ದಾಗ ಮಧ್ಯಾಹ್ನ ಊಟಕ್ಕೆ ಯಾರ್ ಜೊತೆ ಹೋಗ್ತಿದ್ರಿ?" ಎಂದು ಕೇಳಿದಳು. ಯಾರೋ ಕಿಸಕ್ಕೆಂದರು. ಕ್ಯಾಂಟೀನಿನಲ್ಲಿ ರೈಸ್‌ಬಾತ್ ಚೆನ್ನಾಗಿರುತ್ತೆ ಎಂದು ಏನೋ ಹೇಳಿ ಜಾರಿಕೊಂಡೆ. ಅಷ್ಟು ಜನರಲ್ಲಿ ಕೇಳಬೇಕಾದ್ದನ್ನು ಕೇಳಿದವಳು ಅವಳೊಬ್ಬಳೇ. ಅವಳಿಗೆ ಉತ್ತರ ಕೊಡುವುದು ಬಾಕಿ ಉಳಿದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಊರು ಗುಬ್ಬಿಯಿಂದಾಚೆ. ಒಂದಿಷ್ಟು ತೆಂಗು, ಎರಡು ಹಸು, ರಾಗಿ ಹೊಲ. ಅಪ್ಪ ಅವ್ವ ಇಬ್ಬರೂ ಗಟ್ಟಿಯಾಗಿದ್ದಾರೆ, ನನಗಿಂತ ಹೆಚ್ಚು ನಗುತ್ತಾರೆ. ಡಿಪ್ಲೊಮಾ ಓದಿದ್ದು ಗುಬ್ಬಿಯಲ್ಲೇ. ಅಲ್ಲಿ ಬಸ್ಸಿಳಿದರೆ ಸಾಕು, ಹೂವಿನ ಅಂಗಡಿಯ ಪಕ್ಕದಿಂದ ಒಬ್ಬ, ಝೆರಾಕ್ಸ್ ಅಂಗಡಿಯಿಂದ ಇನ್ನೊಬ್ಬ "ಏನ್ಲಾ, ಈಗ್ ಬಂದ್ಯಾ" ಅನ್ನುತ್ತಿದ್ದರು. ಆಗ ಅದು ಕಿರಿಕಿರಿ ಅನ್ನಿಸುತ್ತಿತ್ತು. ತುಮಕೂರು ಅಲ್ಲಿಂದ ಒಂದು ಸಣ್ಣ ನಿದ್ದೆ ತೆಗೆಯುವಷ್ಟು ದೂರ. ಅಷ್ಟೇ ದೂರ ಬಂದದ್ದಕ್ಕೆ ಇಡೀ ದಿನ ಒಬ್ಬರೂ ಏನ್ಲಾ ಅನ್ನದ ಊರು ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ.

ಡಿಪ್ಲೊಮಾದಿಂದ ಬಂದವರನ್ನು ಲ್ಯಾಟರಲ್ ಅನ್ನುತ್ತಾರೆ. ಕ್ಲಾಸಿನವರೆಲ್ಲ ಮೊದಲ ವರ್ಷವೇ ಒಟ್ಟಿಗೆ ಸೇರಿ, ಜಗಳವಾಡಿ, ರಾಜಿಯಾಗಿ, ಯಾರ ಪಕ್ಕ ಯಾರು ಎಂದು ಬೆಂಚು ಹಂಚಿಕೊಂಡು ಮುಗಿದಿರುತ್ತದೆ. ಮದುವೆ ಮನೆಗೆ ಊಟ ಮುಗಿದ ಮೇಲೆ ಹೋದ ಹಾಗೆ ನಾವು ಹೋಗುತ್ತೇವೆ. ನಮ್ಮ ಸೆಕ್ಷನ್ನಿಗೆ ಬಂದ ಲ್ಯಾಟರಲ್‌ಗಳು ಇಬ್ಬರು. ಇನ್ನೊಬ್ಬ ತಿಂಗಳೊಳಗೆ ಬೇರೆ ಕಾಲೇಜಿಗೆ ಹಾರಿದ. ಉಳಿದವನು ನಾನು. ರಿಜಿಸ್ಟರಿನಲ್ಲಿ ಎಲ್ಲರ ಹೆಸರೂ ಅಚ್ಚಾಗಿತ್ತು, ನನ್ನದನ್ನು ಕೊನೆಯಲ್ಲಿ ಪೆನ್ನಿನಲ್ಲಿ ಬರೆದಿದ್ದರು. ಅಚ್ಚಾದ ಕೊನೆಯ ಹೆಸರಿಗೇ ಬಹಳ ಮೇಷ್ಟ್ರುಗಳು ಪುಸ್ತಕ ಮುಚ್ಚಿಬಿಡುತ್ತಿದ್ದರು. "ಸಾರ್, ನಾನೂ ಇದೀನಿ ಸಾರ್" ಎಂದು ಎದ್ದು ನಿಲ್ಲಬೇಕು. ಮೊದಮೊದಲು ನಗುತ್ತಿದ್ದರು, ಆಮೇಲೆ ಅದೂ ನಿಂತಿತು. ಹೊಸದಾಗಿ ಬಂದವರೇ, ಎದ್ದು ನಿಲ್ಲಲು ನಾಚಿಕೊಳ್ಳಬೇಡಿ. ನಾನು ಸಂಕೋಚಕ್ಕೆ ಸುಮ್ಮನೆ ಕೂತ ದಿನಗಳೆಲ್ಲ ಗೈರುಹಾಜರಿ ಎಂದೇ ಆಯಿತು, ಮಳೆಯಲ್ಲಿ ನೆನೆದು ಬಂದು ಕೂತಿದ್ದ ದಿನ ಕೂಡ.

ತುಮಕೂರಿನ ಬಟವಾಡಿಯಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ರೂಮಿನಲ್ಲಿದ್ದೆ. ರೂಮ್‌ಮೇಟು ಗುಬ್ಬಿಯಲ್ಲಿ ನನ್ನ ಜೊತೆಯೇ ಡಿಪ್ಲೊಮಾ ಮಾಡಿದವನು. ಮುಂದೆ ಓದದೆ ವಸಂತನರಸಾಪುರದ ಒಂದು ಫ್ಯಾಕ್ಟರಿ ಸೇರಿದ್ದ. ಅವನಿದ್ದಾನೆ ಎಂಬ ಧೈರ್ಯದ ಮೇಲೇ ಆ ರೂಮು ಹಿಡಿದದ್ದು. ಆದರೆ ಅವನಿಗೆ ಶಿಫ್ಟು. ನಾನು ಬರುವಾಗ ಅವನು ಹೊರಟಿರುತ್ತಿದ್ದ, ಅವನು ಬರುವಾಗ ನಾನು ಹೊರಟಿರುತ್ತಿದ್ದೆ. ಒದ್ದೆ ಟವೆಲ್ಲು, ಒಲೆಯ ಮೇಲೆ ನನಗೆಂದು ಮುಚ್ಚಿಟ್ಟ ಅನ್ನ, ಬಕೆಟ್ಟಿನಲ್ಲಿ ನೆನೆಸಿದ ನೀಲಿ ಯೂನಿಫಾರ್ಮು, ಇವುಗಳಿಂದ ಅವನು ಬಂದು ಹೋದನೆಂದು ಗೊತ್ತಾಗುತ್ತಿತ್ತು. ಒಂದೇ ರೂಮಿನಲ್ಲಿದ್ದೂ ಅವನ ಮುಖ ನೋಡಬೇಕಾದರೆ ಭಾನುವಾರ ಬರಬೇಕಿತ್ತು. ಕೆಳಗೆ ಕ್ಲಿನಿಕ್ಕಿನಲ್ಲಿ ಟೋಕನ್ ನಂಬರು ಕೂಗುತ್ತಿದ್ದರು. ಸಾಯಂಕಾಲ ರೂಮಿನಲ್ಲಿ ನನಗೆ ಕೇಳಿಸುತ್ತಿದ್ದ ಮನುಷ್ಯರ ಮಾತು ಅದೊಂದೇ.

ಮಧ್ಯಾಹ್ನದ ಊಟ, ಆ ಹುಡುಗಿ ಕೇಳಿದ್ದು, ನಾನು ಮಾಡುತ್ತಿದ್ದದ್ದು ಕಾಂಕ್ರೀಟ್ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ. ಕ್ಯಾಂಟೀನಿಗೆ ಹೋದರೆ ಎಲ್ಲ ಟೇಬಲ್ಲಿಗೂ ಅದರದರ ಗುಂಪು. ತಟ್ಟೆ ಹಿಡಿದುಕೊಂಡು ಯಾವ ಕಡೆ ಹೋಗಲಿ ಎಂದು ನಿಲ್ಲುವುದಿದೆಯಲ್ಲ, ಅದು ನನ್ನಿಂದ ಆಗುತ್ತಿರಲಿಲ್ಲ. ಮೆಟ್ಟಿಲ ಪಕ್ಕ ಒಂದು ತೊಟ್ಟಿ. ಪರೀಕ್ಷೆಗೆಂದು ಎರಕ ಹೊಯ್ದ ಕಾಂಕ್ರೀಟ್ ಕ್ಯೂಬುಗಳನ್ನು ಗಟ್ಟಿಯಾಗಲೆಂದು ಅದರ ನೀರಿನಲ್ಲಿ ಮುಳುಗಿಸಿಟ್ಟಿರುತ್ತಾರೆ. ಕ್ಯೂಬುಗಳನ್ನೂ ಮೂರು ಮೂರಾಗಿಯೇ ಹಾಕುತ್ತಾರೆ, ಒಂಟಿಯಾಗಿ ಯಾರೂ ಹಾಕುವುದಿಲ್ಲ. ಅವನ್ನು ನೋಡುತ್ತ ಉಣ್ಣುತ್ತಿದ್ದೆ. ಅವ್ವ ಫೋನಿನಲ್ಲಿ "ಊಟ ಆಯ್ತೇನ್ಲಾ? ಯಾರ್ ಜೊತೆ ಉಂಡೆ?" ಎಂದರೆ "ಫ್ರೆಂಡ್ಸ್ ಜೊತೆ ಕಣವ್ವ" ಅನ್ನುತ್ತಿದ್ದೆ. ಒಂದು ಸಲ ಅವಳು "ಅವ್ರನ್ನೂ ಒಂದ್ಸಲ ಮನೆಗೆ ಕರ್ಕೊಂಬಾ, ಒಬ್ಬಟ್ಟು ಮಾಡ್ತೀನಿ" ಅಂದಳು. ಆಗಲಿ ಕಣವ್ವ ಎಂದು ಫೋನಿಟ್ಟೆ.

ಇನ್ನು ಸ್ಟಾಫಿನ ವಿಷಯ. ನೆಲದ ಏರುತಗ್ಗು ಅಳೆಯುವಾಗ ಮುಕ್ಕಾಲಿಯ ಮೇಲೆ ಲೆವೆಲ್ ಎಂಬ ಯಂತ್ರ ಇಡುತ್ತಾರೆ. ಅದರಲ್ಲೊಂದು ದುರ್ಬೀನು. ದೂರದಲ್ಲಿ ಇನ್ನೊಬ್ಬ ಅಂಕಿ ಬರೆದ ಉದ್ದನೆಯ ಪಟ್ಟಿಯನ್ನು ನೆಟ್ಟಗೆ ಹಿಡಿದು ನಿಲ್ಲಬೇಕು, ಅದೇ ಸ್ಟಾಫ್. ಯಂತ್ರದ ಹತ್ತಿರ ಒಬ್ಬ ಕಣ್ಣಿಟ್ಟು ಓದುತ್ತಾನೆ, ಒಬ್ಬ ಬರೆಯುತ್ತಾನೆ, ಉಳಿದವರು ಕೊಡೆ ಹಿಡಿಯುವ ನೆವದಲ್ಲಿ ಹರಟುತ್ತಾರೆ. ಸ್ಟಾಫ್ ಹಿಡಿದವನ ಜೊತೆ ಯಾರೂ ಇರುವುದಿಲ್ಲ. ಅವನಿಗೆ ಬರುವುದು ಕೈಸನ್ನೆ ಮಾತ್ರ: ಎಡಕ್ಕೆ ವಾಲಿಸು, ಬಲಕ್ಕೆ ವಾಲಿಸು, ಕೈ ಮೇಲೆತ್ತಿದರೆ ಮುಂದೆ ನಡೆ. ನಮ್ಮ ಗುಂಪಿನಲ್ಲಿ ಮೊದಲ ದಿನ "ಲ್ಯಾಟರಲ್, ನೀನ್ ಸ್ಟಾಫ್ ಹಿಡ್ಕೊ" ಅಂದರು. ಹಿಡಿದೆ. ಆಮೇಲೆ ಯಾರೂ ಹೇಳಬೇಕಾಗಿಯೂ ಬರಲಿಲ್ಲ. ಡಿಪ್ಲೊಮಾದಲ್ಲಿ ಆ ಯಂತ್ರವನ್ನು ನಾನು ಬೇಕಾದಷ್ಟು ಸಲ ಹೂಡಿದ್ದೆ, ಆದರೆ ನನಗೂ ಒಂದು ಸಲ ಕೊಡ್ರೋ ಅನ್ನಲು ಬಾಯಿ ಬರಲಿಲ್ಲ. ಕೇಳದೆ ಸಿಟ್ಟು ಮಾಡಿಕೊಂಡು ಓಡಾಡುವುದು ನನ್ನ ಸ್ವಭಾವ. ನೀವು ಕೇಳಿ.

ಮೂರನೇ ವರ್ಷದ ಸರ್ವೇ ಕ್ಯಾಂಪಿನ ಹೊತ್ತಿಗೆ ನನಗೆ ಸಾಕಾಗಿಹೋಗಿತ್ತು. ರೂಮ್‌ಮೇಟಿನ ಫ್ಯಾಕ್ಟರಿಯಲ್ಲಿ ಹೊಸ ಶೆಡ್ಡು ಕಟ್ಟುತ್ತಿದ್ದರು, ಸೈಟು ನೋಡಿಕೊಳ್ಳಲು ಸಿವಿಲ್ ಡಿಪ್ಲೊಮಾ ಆದವನು ಬೇಕಾಗಿತ್ತು. "ಸೂಪರ್‌ವೈಸರ್ ನಮ್ಮ ಕಡೆಯವ್ರೇ ಕಣೋ. ನಿನ್ ನಂಬರ್ ಕೊಟ್ಟಿದೀನಿ. ಈ ಒಣ ಕಾಲೇಜು ಬುಡು, ಬಂದ್ಬುಡು, ಒಂದೇ ಶಿಫ್ಟಲ್ಲಿ ಇರಣ" ಅಂದ. ಒಂದೇ ಶಿಫ್ಟಿನಲ್ಲಿ ಇರೋಣ ಎಂಬ ಮಾತು ನನ್ನನ್ನು ಹಿಡಿದುಕೊಂಡಿತು. ಸಂಬಳ ಎಷ್ಟೆಂದು ಕೇಳಲೂ ಇಲ್ಲ. ಜೊತೆಯಲ್ಲಿ ಬಸ್ಸು ಹತ್ತಲು, ಜೊತೆಯಲ್ಲಿ ಉಣ್ಣಲು ಒಬ್ಬ ಸಿಗುತ್ತಾನೆ, ಅಷ್ಟೇ. ಅಪ್ಪನಿಗೆ ಏನು ಹೇಳುವುದು ಎಂದು ಕೂಡ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಕ್ಯಾಂಪು ಕುಣಿಗಲ್ ಆಚೆಯ ಒಂದು ಹಳ್ಳಿಯ ಕೆರೆಯ ಹತ್ತಿರ. ಹೆಬ್ಬೂರಿನಲ್ಲಿ ಕಾಲೇಜಿನ ಬಸ್ಸು ಟೀಗೆ ನಿಂತಿತು. ಎಲ್ಲರೂ ಇಳಿದು ಅಂಗಡಿಗೆ ಮುತ್ತಿದರು. ನಾನು ಸ್ಟಾಫುಗಳಿಗೆ ಕಾವಲಿದ್ದವನ ಹಾಗೆ ಬಸ್ಸಿನಲ್ಲೇ ಕೂತೆ, ಅವನ್ನು ಯಾರೂ ಕದಿಯುವುದಿಲ್ಲ ಎಂದು ಗೊತ್ತಿದ್ದರೂ. ಹಳ್ಳಿಯ ಸಮುದಾಯ ಭವನದಲ್ಲಿ ನಮ್ಮ ವಾಸ, ಅಲ್ಲೇ ಅಡುಗೆ. ಬೆಳಿಗ್ಗೆ ಗುಂಪು ಗುಂಪಾಗಿ ಕೆರೆಯ ಸುತ್ತ ಹರಡಿಕೊಂಡು ಅಳೆಯುವುದು, ಮೇಷ್ಟ್ರು ಸೀಟಿ ಊದಿದಾಗ ಊಟಕ್ಕೆ ಬರುವುದು. ಹೊಸ ಜಾಗವಾದ್ದರಿಂದಲೋ ಏನೋ, ಎಲ್ಲರೂ ಇನ್ನಷ್ಟು ಒತ್ತೊತ್ತಾಗಿ ಓಡಾಡುತ್ತಿದ್ದರು. ನಾನು ತಟ್ಟೆ ಹಿಡಿದು ಭವನದ ಹಿಂದಿನ ಹೊಂಗೆ ಮರದ ಕೆಳಗೆ ಹೋಗುತ್ತಿದ್ದೆ. ಮಲಗುವಾಗ ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಇದ್ದಾಗ ರೂಮ್‌ಮೇಟಿನ ಫೋನ್ ಬಂತು. "ಇವತ್ತು ಮಧ್ಯಾಹ್ನ ಸೂಪರ್‌ವೈಸರ್ರೇ ನಿಂಗೆ ಫೋನ್ ಮಾಡ್ತಾರೆ. ಹೂ ಅಂತ ಒಂದ್ ಮಾತ್ ಹೇಳು, ಸಾಕು" ಅಂದ. ಹೂ ಅನ್ನುವುದೆಂದೇ ಇಟ್ಟುಕೊಂಡಿದ್ದೆ.

ಕೆರೆ ಏರಿ ಉದ್ದ, ನಡುವೆ ಒಂದು ತಿರುವು. ಒಂದೇ ಕಡೆ ಯಂತ್ರ ಇಟ್ಟು ಪೂರ್ತಿ ಅಳೆಯಲು ಆಗುವುದಿಲ್ಲ, ಅದನ್ನು ಎತ್ತಿ ಮುಂದೆ ಇಡಬೇಕು. ಹಾಗೆ ಯಂತ್ರ ಜಾಗ ಬದಲಿಸುವಾಗ ಸ್ಟಾಫ್ ಮಾತ್ರ ಇದ್ದಲ್ಲೇ ಇರಬೇಕು. ಹೊಸ ಜಾಗದಿಂದ ಮತ್ತೊಮ್ಮೆ ಅದನ್ನೇ ಓದಿದ ಮೇಲೇ ಅಲ್ಲಾಡಬಹುದು. ಆ ಜಾಗಕ್ಕೆ ಚೇಂಜ್ ಪಾಯಿಂಟ್ ಎಂದು ಹೆಸರು. ಅಲ್ಲಿ ಸ್ಟಾಫ್ ಸರಿದುಹೋದರೆ ಬೆಳಿಗ್ಗೆಯಿಂದ ಅಳೆದದ್ದಕ್ಕೂ ಮುಂದೆ ಅಳೆಯುವುದಕ್ಕೂ ಸಂಬಂಧ ಕಡಿದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಮೊದಲ ವಾರದಲ್ಲೇ ಎಲ್ಲರಿಗೂ ತಲೆಗೆ ಹೊಡೆದ ಹಾಗೆ ಹೇಳಿಕೊಡುವ ಪಾಠ ಅದು.

ನಾನು ಏರಿಯ ಅಂಚಿನ ಒಂದು ಕಲ್ಲಿನ ಮೇಲೆ ಸ್ಟಾಫ್ ನಿಲ್ಲಿಸಿಕೊಂಡಿದ್ದೆ. ಗುಂಪಿನವರು ಅದನ್ನು ಓದಿ, ಯಂತ್ರ ಎತ್ತಿಕೊಂಡು ತಿರುವಿನಾಚೆಗೆ ನಡೆದು ಮುಕ್ಕಾಲಿ ಊರಿದರು. ಇನ್ನೇನು ಓದುತ್ತಾರೆ ಅನ್ನುವಾಗ ದೂರದಲ್ಲಿ ಸೀಟಿ ಕೇಳಿಸಿದ ಹಾಗಾಯಿತು. ಅವರು ಯಂತ್ರವನ್ನು ಪೆಟ್ಟಿಗೆಗೆ ಹಾಕಿಕೊಂಡು, ಮುಕ್ಕಾಲಿ ಅಲ್ಲೇ ಬಿಟ್ಟು, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಏರಿಯಿಂದ ಇಳಿದರು. ಯಾರೂ ನನ್ನ ಕಡೆ ತಿರುಗಲಿಲ್ಲ. ಒಂದು ಕೈಸನ್ನೆಯೂ ಇಲ್ಲ.

ನನ್ನ ಜೇಬಿನಲ್ಲಿ ಸೀಮೆಸುಣ್ಣ ಇತ್ತು. ಸ್ಟಾಫ್ ಇಟ್ಟ ಕಡೆ ಕಲ್ಲಿಗೊಂದು ಗುರುತು ಹಾಕಿ ನಾನೂ ಊಟಕ್ಕೆ ಹೋಗಬಹುದಿತ್ತು. ಎಲ್ಲರೂ ಮಾಡುವುದು ಅದನ್ನೇ. ನಾನು ಹಾಕಲಿಲ್ಲ. ಹಟ ಹಿಡಿಯಿತು. ಯಾರಿಗಾದರೂ ನನ್ನ ನೆನಪಾಗುತ್ತದೋ ಇಲ್ಲವೋ ನೋಡಿಯೇಬಿಡೋಣ ಎಂದು ನಿಂತೆ. ಒಬ್ಬನಾದರೂ ಊಟಕ್ಕೆ ಕರೆಯಲು ಬಂದರೆ ಕಾಲೇಜು, ಬಾರದಿದ್ದರೆ ಸೂಪರ್‌ವೈಸರ್‌ಗೆ ಹೂ. ಹೀಗೆ ನನ್ನಷ್ಟಕ್ಕೆ ಪಣ ಕಟ್ಟಿದೆ. ಈಗ ನೆನೆದರೆ ಹುಚ್ಚುತನ. ಆವತ್ತು ಆ ಬಿಸಿಲಿನಲ್ಲಿ ಅದಕ್ಕಿಂತ ನ್ಯಾಯದ ಪರೀಕ್ಷೆ ಇನ್ನೊಂದಿಲ್ಲ ಅನ್ನಿಸಿತ್ತು.

ಕೆರೆಯಲ್ಲಿ ನೀರು ಅರ್ಧಕ್ಕಿತ್ತು. ಆಚೆ ದಡದಲ್ಲಿ ಎಮ್ಮೆಗಳು ಕುತ್ತಿಗೆವರೆಗೆ ಮುಳುಗಿ ಕೂತಿದ್ದವು. ಅಲ್ಯೂಮಿನಿಯಂ ಸ್ಟಾಫು ಕೈ ಸುಡುತ್ತಿತ್ತು, ಕರ್ಚೀಫು ಸುತ್ತಿ ಹಿಡಿದುಕೊಂಡೆ. ಭವನದ ಕಡೆಯಿಂದ ತಟ್ಟೆಗಳ ಸದ್ದು, ನಗು ಗಾಳಿ ಬೀಸಿದಾಗ ಬರುತ್ತಿತ್ತು, ನಿಂತಾಗ ನಿಲ್ಲುತ್ತಿತ್ತು. ಈಗ ಯಾರೋ ಕೇಳುತ್ತಾರೆ, ಈಗ ಯಾರೋ ಏರಿ ಹತ್ತುತ್ತಾರೆ ಎಂದು ಕಾದೆ. ಹಸಿವು ಬಂದು, ಜೋರಾಗಿ, ಆಮೇಲೆ ಸತ್ತುಹೋಯಿತು. ಒಬ್ಬ ರೈತ ಸೈಕಲ್ಲಿನಲ್ಲಿ ಹೋಗುತ್ತ ನನ್ನನ್ನೂ ಸ್ಟಾಫನ್ನೂ ನೋಡಿ, ಏನೂ ಕೇಳದೆ ಬಳಸಿಕೊಂಡು ಹೋದ.

ಅಷ್ಟು ಹೊತ್ತಾದ ಮೇಲೆ ನನಗೆ ಖಚಿತವಾಯಿತು: ಯಾರೂ ಬರುವುದಿಲ್ಲ. ನಾನು ಈ ಕಾಲೇಜಿನಿಂದ ಇವತ್ತೇ ಹೋದರೂ ಸ್ಟಾಫ್ ಹಿಡಿಯಲು ಇನ್ನೊಬ್ಬ ಬೇಕು ಎನ್ನುವಷ್ಟು ಮಾತ್ರ ಇವರಿಗೆ ತೊಂದರೆ. ಅಲ್ಲಿಗೆ ಅಳು ಬಂತು. ಚಿಕ್ಕಂದಿನಲ್ಲಿ ಬಿಟ್ಟರೆ ನಾನು ಅತ್ತವನಲ್ಲ. ಏರಿಯ ಮೇಲೆ ನರಪಿಳ್ಳೆಯೂ ಇರಲಿಲ್ಲ, ಅಷ್ಟು ದೂರದಲ್ಲಿ ಅತ್ತರೆ ಯಾರಿಗೆ ಕಾಣುತ್ತದೆ ಎಂದು ತಡೆಯಲೂ ಇಲ್ಲ. ತಿರುವಿನಾಚೆ ಒಬ್ಬ ಬಂದು ಮುಕ್ಕಾಲಿಯ ಮೇಲೆ ಯಂತ್ರ ಕೂರಿಸುತ್ತಿರುವುದು ಕಂಡಿತು. ನಮ್ಮ ಗುಂಪಿನಲ್ಲಿ ಯಾವಾಗಲೂ ದುರ್ಬೀನಿಗೆ ಕಣ್ಣಿಡುವವನು, ತುಮಕೂರಿನ ಕೊಬ್ಬರಿ ವ್ಯಾಪಾರಿಯ ಮಗ. ಬೆರಳುದ್ದ ಕಾಣುತ್ತಿದ್ದ. ನಾನು ಅವನಿಗೂ ಹಾಗೇ ಕಾಣುತ್ತಿರುತ್ತೇನೆ ಎಂದು ಅಳುತ್ತಲೇ ಇದ್ದೆ.

ಸಿವಿಲ್ ಓದುವವನು ಮಾಡಬಾರದ ತಪ್ಪು ಅದು. ದೂರದ ಅಂಕಿಯನ್ನು ಹತ್ತಿರ ತರುವ ದುರ್ಬೀನು ಅದರ ಪಕ್ಕದ ಮುಖವನ್ನೂ ತರುತ್ತದೆ. ಸ್ಟಾಫಿನ ಹಿಂದೆ ನಿಂತವನ ಮೂಗಿನ ಮೇಲಿನ ಬೆವರು ಕೂಡ ಅದರಲ್ಲಿ ಕಾಣುತ್ತದೆ. ಡಿಪ್ಲೊಮಾದಲ್ಲಿ ಗೆಳೆಯರ ಮುಖ ಅದರಲ್ಲಿ ನೋಡಿ ನಾನೇ ಎಷ್ಟು ನಕ್ಕಿದ್ದೇನೋ. ಯಂತ್ರ ಮುಟ್ಟದೆ ಬಹಳ ಕಾಲವಾಗಿ ಅದು ಮರೆತೇಹೋಗಿತ್ತು.

ಅವನು ಬಗ್ಗಿ ಕಣ್ಣಿಟ್ಟ. ತಿರುಪು ತಿರುಗಿಸಿದ. ಓದಿ ಕೈ ಎತ್ತುತ್ತಾನೆ ಎಂದು ಕಾದೆ. ಎತ್ತಲಿಲ್ಲ. ತಲೆ ಮೇಲೆತ್ತಿ ಬರಿಗಣ್ಣಿನಲ್ಲಿ ನನ್ನ ಕಡೆ ನೋಡಿದ, ಮತ್ತೆ ಬಗ್ಗಿದ. ಅಷ್ಟರಲ್ಲಿ ಗುಂಪಿನ ಇನ್ನಿಬ್ಬರು ಬಂದರು. ಯಂತ್ರವನ್ನು ಅವರಿಗೆ ಬಿಟ್ಟು ಅವನು ಏರಿಯ ಮೇಲೆ ನನ್ನ ಕಡೆ ನಡೆದು ಬರತೊಡಗಿದ. ಆಗ ನನಗೆ ದುರ್ಬೀನಿನ ನೆನಪಾಗಿ ಕರ್ಚೀಫಿನಿಂದ ಮುಖ ಒರೆಸಿಕೊಂಡೆ.

ಅವನು ಹತ್ತಿರ ಬಂದು ಕೇಳಿದ.

"ಲ್ಯಾಟರಲ್, ಊಟ ಮಾಡ್ದ್ಯಾ?"

ಇಲ್ಲ ಎಂದು ತಲೆಯಾಡಿಸಿದೆ.

"ಅವಾಗ್ಲಿಂದ ಇಲ್ಲೇ ಇದೀಯಾ?"

"ಚೇಂಜ್ ಪಾಯಿಂಟಲ್ವಾ" ಅಂದೆ.

"ನೀನ್ ಯಾವಾಗ್ಲೂ ಆ ಹೊಂಗೆ ಮರದ ಕೆಳಗ್ ಕೂತ್ಕೋತಿಯಲ್ಲ, ಅಲ್ಲಿದೀಯಾ ಅನ್ಕೊಂಡ್ವಿ ಗುರು. ಯಾರೂ ನೋಡ್ಲಿಲ್ಲ." ಅವನು ಕೆರೆಯ ಕಡೆ ಮುಖ ತಿರುಗಿಸಿದ. "ನಾನಾದ್ರೂ ನೋಡ್ಬೇಕಿತ್ತು."

ಅವನು ಅಂದದ್ದು ಸುಳ್ಳಲ್ಲ. ನಾನು ದಿನವೂ ಕಾಣದ ಕಡೆ ಹೋಗಿ ಉಂಡು ಉಂಡು, ಕಾಣದಿದ್ದರೆ ಉಣ್ಣುತ್ತಿದ್ದಾನೆ ಎಂದೇ ಎಲ್ಲರಿಗೂ ರೂಢಿ ಮಾಡಿಸಿಬಿಟ್ಟಿದ್ದೆ. ಆ ಹುಡುಗಿಗೆ ನಾನು ಹೇಳಬೇಕಾದ ಬುದ್ಧಿಮಾತು ಇದೊಂದೇ. ಎಲ್ಲಿಯಾದರೂ ಕೂತು ಉಣ್ಣಮ್ಮ, ಒಬ್ಬಳೇ ಆದರೂ ಪರವಾಗಿಲ್ಲ, ಜನಕ್ಕೆ ಕಾಣುವ ಹಾಗೆ ಕೂತುಕೋ.

ಅವನು ನನ್ನ ಕೈಯಿಂದ ಸ್ಟಾಫ್ ತೆಗೆದುಕೊಂಡ. ಕಲ್ಲಿನ ಮೇಲಿಂದ ಅದನ್ನು ಕೂದಲೆಳೆಯಷ್ಟೂ ಕದಲಿಸದೆ, ನಾನು ಹಿಡಿದಿದ್ದ ಹಾಗೇ ಎರಡೂ ಕೈಯಲ್ಲಿ ಹಿಡಿದು ನಿಂತ.

"ನಾನ್ ಹಿಡ್ಕೊಂಡಿರ್ತೀನಿ. ನೀನ್ ಹೋಗಿ ಉಂಡ್ಕೊಂಡ್ ಬಾ. ಯಂತ್ರದಲ್ಲಿ ನೀನೇ ನೋಡು ಆಮೇಲೆ."

ಕಲ್ಲಿಗೊಂದು ಗುರುತು ಹಾಕಿದರೆ ಯಾರೂ ನಿಲ್ಲಬೇಕಾಗಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೀಮೆಸುಣ್ಣ ನನ್ನ ಜೇಬಿನಲ್ಲೇ ಇತ್ತು. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ನಾವಿಬ್ಬರೂ ಆಮೇಲೆ ಪ್ರಾಣಸ್ನೇಹಿತರೇನೂ ಆಗಲಿಲ್ಲ. ಅವನಿಗೆ ಅವನ ಗುಂಪು ಇದ್ದೇ ಇತ್ತು, ನನ್ನ ಎಷ್ಟೋ ಮಧ್ಯಾಹ್ನಗಳು ಮುಂದೆಯೂ ಒಂಟಿಯಾಗಿಯೇ ಕಳೆದವು. ಆದರೆ ಆ ಬಿಸಿಲಿನಲ್ಲಿ ಅವನು ನಿಂತದ್ದು ನಿಂತದ್ದೇ.

ಭವನದಲ್ಲಿ ಎಲ್ಲರ ಊಟವೂ ಮುಗಿದಿತ್ತು. ಅಡುಗೆಯವರು ಪಾತ್ರೆ ತೊಳೆಯಲು ಹಾಕಿದ್ದರು. ತಳದಲ್ಲಿ ಉಳಿದಿದ್ದ ಅನ್ನ, ಆರಿದ ಹುಳಿ ಹಾಕಿಕೊಟ್ಟರು. ಆವತ್ತೂ ಒಬ್ಬನೇ ಉಂಡೆ. ಹೊಂಗೆ ಮರದ ಕೆಳಗೆ ಹೋಗಲಿಲ್ಲ, ಬಾಗಿಲಲ್ಲೇ ಕೂತೆ, ಅಲ್ಲಿಂದ ಏರಿ ಕಾಣುತ್ತಿತ್ತು. ಮೇಲೆ ಒಬ್ಬ ಸ್ಟಾಫ್ ಹಿಡಿದು ನಿಂತಿರುವುದು ಕಾಣುತ್ತಿತ್ತು. ಅರ್ಧ ಊಟದಲ್ಲಿ ಫೋನ್ ಹೊಡೆದುಕೊಂಡಿತು.

"ಏನಪ್ಪಾ, ನಾನು ಸೂಪರ್‌ವೈಸರ್ ಮಾತಾಡ್ತಿರೋದು. ನಿನ್ ಫ್ರೆಂಡ್ ಹೇಳಿದ್ನಲ್ಲ. ಸೋಮವಾರದಿಂದ ಬರ್ತೀಯಾ ಹೆಂಗೆ?"

ಬಾಯಲ್ಲಿ ತುತ್ತಿತ್ತು. ನುಂಗಿದೆ.

"ಇಲ್ಲ ಸಾರ್. ಬರಕ್ಕಾಗಲ್ಲ."

"ಯಾಕಪ್ಪಾ? ಬೇರೆ ಕಡೆ ಒಪ್ಕೊಂಡ್ಯಾ?"

"ಇಲ್ಲ ಸಾರ್. ಇಲ್ಲಿ ಏರಿ ಮೇಲೆ ಒಬ್ಬ ನನ್ ಜಾಗದಲ್ಲಿ ನಿಂತವ್ನೆ. ನಾನ್ ಬೇಗ ಉಂಡು ಹೋಗ್ಬೇಕು."

ಅವರು ಏನೋ ಕೇಳುತ್ತಿದ್ದರು. ಫೋನ್ ಜೇಬಿಗೆ ಹಾಕಿಕೊಂಡು, ಉಳಿದ ಅನ್ನವನ್ನು ಎರಡೇ ತುತ್ತಿನಲ್ಲಿ ಮುಗಿಸಿ, ಕೈ ತೊಳೆದು ಏರಿಯ ಕಡೆ ಓಡಿದೆ.